ಉಲ್ಟಾ ಬಿದ್ದ ಓಣಿ

18 ಮೇ 2024, ಶನಿವಾರ
(ಗಡಿಯಾರದ ಪ್ರಕಾರ ರವಿವಾರ ಶುರುವಾಗಿ ಅರ್ಧ ಗಂಟೆ ಆಯಿತು)
ನವನಗರ, ಬಾಗಲಕೋಟೆ

ಹೊರಗೆ ಇನ್ನೂ ಪಟಾಕಿ ನಿಂತಿಲ್ಲ. ಆರ್‌ಸಿಬಿ 27 ರನ್ನಿನಿಂದ ಗೆದ್ದು ಪ್ಲೇಆಫ್‌ಗೆ ಹೋಯಿತಂತೆ. ಚಿನ್ನು ಮತ್ತು ಅವನ ಅಪ್ಪ ಮಾಳಿಗೆ ಹತ್ತಿ ಕೂಗಿ ಬಂದರು. ನಾನು ಹಿಂದಿನ ಪಡಸಾಲೆಯಲ್ಲಿ ಹಲಗೆ ಮುಂದೆ ಕೂತಿದ್ದೇನೆ. ಬೆರಳ ಮೇಲೆ ಫೆವಿಕಾಲ್ ಒಣಗಿ ಸಿಪ್ಪೆ ಏಳುತ್ತಿದೆ. ಒಂದು ವಾರದ ಕೆಲಸ ಉಲ್ಟಾ ಆಗಿದೆ. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಉಲ್ಟಾ.

ಮೊದಲು ಫೋಟೋದ ವಿಷಯ. 7ನೇ ತಾರೀಖು ಎಲೆಕ್ಷನ್ ಡ್ಯೂಟಿ ಮುಗಿಸಿ ಬಂದು ಒಂದು ದಿನ ಪೂರ್ತಿ ಮಲಗಿದೆ. ಆಮೇಲೆ ಟ್ರಂಕು ಸ್ವಚ್ಛ ಮಾಡಲು ಹೋಗಿ ಮಾವನವರ ಆಲ್ಬಂ ಸಿಕ್ಕಿತು. ಅದರಲ್ಲಿ ಹಳೇ ಮನೆಯ ಮಾಳಿಗೆ ಮೇಲೆ ನಿಂತು ತೆಗೆದ ಒಂದು ಫೋಟೋ. ಓಣಿ ಇಳಿಯುತ್ತಾ ಹೊಳೆಗೆ ಹೋಗುತ್ತದೆ. ಒಂದು ಕಡೆ ಉದ್ದಕ್ಕೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಹಿತ್ತಲು. ಹೊಳೆಯ ಆಚೆ ಎರಿ (ಕಪ್ಪು ಮಣ್ಣಿನ) ಹೊಲ, ಅದರಾಚೆ ಒಂದು ಬೋಳು ಗುಡ್ಡ. ಜನ ಯಾರೂ ಇಲ್ಲ. ಹಿಂದುಗಡೆ ಮಾವನವರ ಅಕ್ಷರದಲ್ಲಿ 'ಶ್ರಾವಣ, 1994' ಎಂದಿದೆ.

ಆ ಓಣಿಯನ್ನು ನಾನು ನೋಡಿಲ್ಲ. ಮದುವೆಯಾಗಿ ಬಂದದ್ದು 2006ರಲ್ಲಿ. ಅಷ್ಟರಲ್ಲಿ ಓಣಿ ನೀರಿಗೆ ಹೋಗಿ, ಇವರೆಲ್ಲ ಈ ಸೆಕ್ಟರಿಗೆ ಬಂದಾಗಿತ್ತು. ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಧುಮುಕುವ ಘಟಪ್ರಭೆಯನ್ನು ನೋಡಿ ಬೆಳೆದವಳು ನಾನು. ಇಲ್ಲಿ ಬಂದು ನೋಡಿದರೆ ಅದೇ ಹೊಳೆ ಆಲಮಟ್ಟಿ ಹಿನ್ನೀರಾಗಿ ಸುಮ್ನೆ ನಿಂತುಬಿಟ್ಟಿತ್ತು. ಮೊದಲನೇ ಸಲ ನೋಡಿದಾಗ ಕೆರೆ ಅಂದುಕೊಂಡಿದ್ದೆ. ಈ ಮನೆಯಲ್ಲಿ ಫೋನ್ ನಂಬರ್ ಮರೆತರೂ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಅನ್ನುವುದನ್ನು ಯಾರೂ ಮರೆಯುವುದಿಲ್ಲ. ಅದನ್ನು 524.256ಕ್ಕೆ ಏರಿಸುವ ಮಾತು ಟಿವಿಯಲ್ಲಿ ಬಂದ ದಿನ ಅತ್ತಿ ಊಟ ಬೇಗ ಮುಗಿಸುತ್ತಾರೆ.

ಇರಲಿ. ಚಿತ್ರಕ್ಕೆ ಬರುತ್ತೇನೆ.

ಬರೀ ಬಣ್ಣದಲ್ಲಿ ಮಾಡಲು ಮನಸ್ಸಾಗಲಿಲ್ಲ. ಫೋಟೋವನ್ನೇ ಹಲಗೆ ಮೇಲೆ ಇಳಿಸಿ, ಅದರ ಮೇಲೆ ಮಣ್ಣು, ಬಟ್ಟೆ, ಕಾಗದ, ಬಣ್ಣ ಎಲ್ಲ ಸೇರಿಸಬೇಕು ಅನ್ನಿಸಿತು. 16 ಇಂಚು ಅಗಲ, 20 ಇಂಚು ಉದ್ದದ ಹಲಗೆಗೆ ಎರಡು ಕೋಟ್ ಜೆಸ್ಸೋ (ಬಿಳಿ ತಳಬಣ್ಣ) ಹಚ್ಚಿ ಉಪ್ಪುಕಾಗದದಿಂದ ಉಜ್ಜಿದೆ. ಫೋಟೋವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಝೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಯಲ್ಲಿ ಕಪ್ಪು ಬಿಳುಪು ಲೇಸರ್ ಪ್ರಿಂಟ್ ತೆಗೆಸಿದೆ. ಲೇಸರೇ ಆಗಬೇಕು. ಮನೆಯ ಇಂಕ್‌ಜೆಟ್ ಪ್ರಿಂಟಿನ ಶಾಯಿ ನೀರು ತಾಗಿದ ಕೂಡಲೇ ಹರಡುತ್ತದೆ, ಲೇಸರಿನ ಟೋನರ್ ಹರಡುವುದಿಲ್ಲ. ಅಂಗಡಿಯ ಹುಡುಗ ಕೇಳಿದ, "ಟೀ ಶರ್ಟ್ ಮ್ಯಾಲೆ ಇಸ್ತ್ರಿ ಹೊಡ್ಯಾಕ ಏನ್ರೀ ಮೇಡಂ? ಹಂಗಿದ್ರ ಉಲ್ಟಾ ತೆಗೀತೀನಿ." "ಇಲ್ಲಪ್ಪಾ, ಪೇಂಟಿಂಗಿಗೆ" ಅಂದೆ. ದೊಡ್ಡ ಕಲಾವಿದೆ ಥರ.

ಈಗ ನಗು ಬರುತ್ತಿದೆ. ಆಗಲೇ ಅವನ ಮಾತು ಕೇಳಿದ್ದರೆ ಈ ಹೊತ್ತಿಗೆ ಮಲಗಿರುತ್ತಿದ್ದೆ.

ಹಲಗೆಗೆ ಜೆಲ್ ಮೀಡಿಯಂ (ಅಂಟಿನಂಥ ಅಕ್ರಿಲಿಕ್ ಲೇಪ) ಬಳಿದು, ಪ್ರಿಂಟಿನ ಮುಖ ಕೆಳಗೆ ಮಾಡಿ ಅಂಟಿಸಿ, ಲಟ್ಟಣಿಗೆಯಿಂದ ಗಾಳಿ ತೆಗೆದು ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಿಗ್ಗೆ ಸ್ಪಂಜಿನಿಂದ ನೀರು ಹಚ್ಚಿ ಬೆರಳಿನಿಂದ ಉಜ್ಜುತ್ತಾ ಹೋದರೆ ಕಾಗದ ಸಣ್ಣ ಸಣ್ಣ ಸುರುಳಿಯಾಗಿ ಏಳುತ್ತದೆ. ಪಾಯಸಕ್ಕೆ ಹಿಟ್ಟಿನ ಗೌಲಿ ಹೊಸೆದ ಹಾಗೆಯೇ. ಅತ್ತಿ ದೂರದಿಂದ ನೋಡಿ "ಈ ಸಲ ಗೌಲಿ ಬ್ಯಾಡಂದಿದ್ದಿ?" ಎಂದು ಕೇಳಿದ್ದರು. ಜಾಸ್ತಿ ಉಜ್ಜಿದರೆ ಚಿತ್ರವೂ ಕಿತ್ತು ಬರುತ್ತದೆ, ಕಡಿಮೆ ಉಜ್ಜಿದರೆ ಒಣಗಿದ ಮೇಲೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಮೂರು ಸಲ ನೀರು ಹಚ್ಚಿ ಉಜ್ಜಿದೆ. ಕೊನೆಗೆ ಕಾಗದದ ಅಡಿಯಿಂದ ಗೋಡೆಯ ಒಂದೊಂದೇ ಕಲ್ಲು ಎದ್ದು ಬಂತು. ಆ ಹೊತ್ತಿನ ಖುಷಿಯಲ್ಲಿ ಎಡ ಬಲ ಯಾರಿಗೆ ನೆನಪು?

ಮೂಲ ಫೋಟೋಗೆ ಫೆವಿಕಾಲ್ ಕೈ ತಾಗಬಾರದೆಂದು ಅದನ್ನು ಆಲ್ಬಂಗೆ ವಾಪಸ್ ಇಟ್ಟೆ. ಅಲ್ಲಿಂದ ಹಲಗೆಯೇ ನನ್ನ ಫೋಟೋ.

ಆಮೇಲಿನ ಮೂರು ದಿನ ಚೆನ್ನಾಗಿದ್ದವು. ಗೋಡೆಗೆ ಟಿಶ್ಯೂ ಕಾಗದ ಮುದುರಿ ಅಂಟಿಸಿ ಒಣ ಕುಂಚದಲ್ಲಿ ಕಂದು ಬಣ್ಣ ತೀಡಿದೆ. ನೆರಳಿಗೆ ಕಪ್ಪು ಹಾಕಲಿಲ್ಲ. ಫೋಟೋದಲ್ಲಿ ನೆರಳು ಕಪ್ಪಗೆ ಮುಚ್ಚಿಹೋಗಿರುತ್ತದೆ, ಕಣ್ಣಿಗೆ ಹಾಗೆ ಕಾಣುವುದಿಲ್ಲ. ನಮ್ಮ ಮೇ ಬಿಸಿಲಿನಲ್ಲಿ ಗೋಡೆಯ ನೆರಳು ನೋಡಿ, ಅದರಲ್ಲಿ ನೇರಳೆ ಇರುತ್ತದೆ. ಈ ಬಿಸಿಲಿಗೆ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ ಎಂದು ಒದ್ದೆ ಪೇಪರಿನ ಮೇಲೆ ಬಣ್ಣ ಇಟ್ಟುಕೊಂಡಿದ್ದೆ. ಚಿನ್ನು ಬಂದು ಹೋಳಿಯ ಬಣ್ಣ ಒಂದು ಡಬ್ಬಿ ಉಳಿದಿದೆ, ಅದನ್ನೇ ಹಾಕು ಅಂದ. ಬಾಗಲಕೋಟೆಯ ಹುಡುಗ, ಅವನಿಗೆ ಬಣ್ಣ ಅಂದರೆ ಬಂಡಿಯಲ್ಲಿ ಬರುವ ಬ್ಯಾರಲ್. ಹೋದ ವರ್ಷ ಒಂದು ಚೀಟಿಗೆ ಆ ಗುಲಾಬಿ ಬಣ್ಣ ಹಚ್ಚಿ ಕಿಟಕಿಗೆ ಅಂಟಿಸಿ ನೋಡಿದ್ದೆ. ತಿಂಗಳಲ್ಲಿ ಬಿಳಿ ಚೀಟಿ ಉಳಿಯಿತು. ಮಣ್ಣಿನ ಬಣ್ಣ ಹಾಗೆ ಹೋಗುವುದಿಲ್ಲ. ಬಾದಾಮಿಯ ಬಂಡೆಯ ಕೆಂಪು ಕಬ್ಬಿಣದ್ದು, ಅದು ಬಿಸಿಲಿಗೆ ಜಗ್ಗುವುದಲ್ಲ.

ಹೊಲಕ್ಕೆ ಎರಿ ಮಣ್ಣನ್ನೇ ಜರಡಿ ಹಿಡಿದು ಫೆವಿಕಾಲಿನಲ್ಲಿ ಕಲಸಿ ದಪ್ಪಗೆ ಮೆತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ಸೀಳು ಬಿಟ್ಟಿತ್ತು. ನಮ್ಮ ಎರಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಗೊತ್ತಿದ್ದೂ ಮೆತ್ತಿದ್ದು ನಾನೇ. ಆದರೆ ಆ ಸೀಳು ಬೆರಳಿನಷ್ಟು ಜಾಗದಲ್ಲಿ ಏಪ್ರಿಲ್ ಹೊಲದ ಥರವೇ ಇತ್ತು, ಆರು ಮೂಲೆ, ಐದು ಮೂಲೆ, ನಡುವೆ ಕಪ್ಪು ಗೆರೆ. ತೆಗೆಯಲು ಮನಸ್ಸಾಗಲಿಲ್ಲ. ಸಾಲು ಹೊಡೆದ ಪಟ್ಟಿಗೆ ಟ್ರಂಕಿನಲ್ಲಿದ್ದ ಹಳೇ ಗುಳೇದಗುಡ್ಡ ಖಣದ ಒಂದು ತುಂಡು ಕತ್ತರಿಸಿ ಅಂಟಿಸಿದೆ. ಕೇಳದೇ ಕತ್ತರಿಸಿದೆ. ಇದು ಮೂರು ದಿನದಿಂದ ಹೊಟ್ಟೆಯಲ್ಲಿ ಕೂತಿತ್ತು.

ಇವತ್ತು ರಾತ್ರಿ ಒಳಗೆ ಮ್ಯಾಚ್ ಶುರುವಾದ ಮೇಲೆ ಅತ್ತಿ ಎಲೆ ಅಡಿಕೆ ಡಬ್ಬಿ ಹಿಡಿದು ಪಡಸಾಲೆಗೆ ಬಂದರು. ಕುರ್ಚಿ ಎಳೆದು ಕೂತರು. ಚಷ್ಮಾ ಹಾಕಿಕೊಂಡರು. ಮೊದಲು ಬೆರಳು ಹೋದದ್ದು ಖಣದ ಮೇಲೆ.

"ಇದು ನನ್ನ ಕುಬಸದ್ದಲ್ಲ?"

"ಹೌದ್ರೀ ಅತ್ತಿ. ಹರದಿತ್ತಲ್ರೀ, ಅದಕ್ಕ..."

"ಹರದಿತ್ತು ಬಿಡು. ಮತ್ತ ತಿರುವಿ ಅಂಟಿಸೀಯಲ್ಲ, ಒಳಗಿನ ಮೈ ಹೊರಗ."

ಬೇಕಂತಲೇ ಹಾಗೆ ಅಂಟಿಸಿದ್ದು, ಮುಂದಿನ ಮೈ ಬಹಳ ಮಿಂಚುತ್ತಿತ್ತು ಎಂದು ಹೇಳಿದೆ. ಹೊಲ ಮಿಂಚುವುದಿಲ್ಲ ಎಂದು ಒಪ್ಪಿದರು. ನನಗೆ ಉಸಿರು ಬಂತು. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ.

"ಹೊಳಿ ಯಾಕ ನೀಲಿ?"

ಹಳೇ ಕಲರ್ ಫೋಟೋದಲ್ಲಿ ಹಸಿರು ನೀಲಿ ಹೋಗಿ ಬರೀ ಕೆಂಪು ಉಳಿದಿದೆ, ಹೊಳೆಯ ಬಣ್ಣ ತಿಳಿಯಲಿಲ್ಲ, ಅಂದಾಜಿನ ಮೇಲೆ ಹಾಕಿದೆ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು, ನಾನು ಹಾಕಿದ್ದು ಹಿನ್ನೀರಿನ ನೀಲಿ. ನಾನು ನೋಡಿದ್ದು ಅದೊಂದೇ. ಮಾವನವರ ಹೊಳೆಯ ಮೇಲೆ ನನ್ನ ಹಿನ್ನೀರು ಬಳಿದಿದ್ದೆ.

"ಶ್ರಾವಣದಾಗ ಹೊಳಿ ಚಹಾ ಇದ್ದಂಗ ಇರತಿತ್ತು. ಹಾಲು ಕಮ್ಮಿ ಹಾಕಿದ ಚಹಾ."

ಇದನ್ನು ಬರೆದಿಟ್ಟುಕೊಂಡೆ. ಅಂಚಿನಲ್ಲಿ ಪೆನ್ಸಿಲ್‌ನಿಂದ 'ಚಹಾ' ಎಂದು.

ಆಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಮಳೆ ಬಂದು ಆಟ ನಿಂತಿದೆ ಎಂದು ಚಿನ್ನು ಗೊಣಗುತ್ತಿದ್ದ. ಅತ್ತಿ ಹಲಗೆಯನ್ನು ಹತ್ತಿರ ಎಳೆದುಕೊಂಡರು, ದೂರ ಇಟ್ಟರು, ಮತ್ತೆ ಎಳೆದುಕೊಂಡರು.

"ಇದು ನಮ್ಮ ಓಣಿ ಅಲ್ಲವ್ವಾ."

"ನಿಮ್ಮದರೀ. ಮಾವ ತಗದಿದ್ದು."

"ಗ್ವಾಡಿ ನಮ್ಮದು. ಗುಡ್ಡ ನಮ್ಮದು. ಓಣಿ ನಮ್ಮದಲ್ಲ."

ವಯಸ್ಸಾಯಿತು, ಮೂವತ್ತು ವರ್ಷದ ಹಿಂದಿನದು, ಮರೆತಿರಬೇಕು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಬಿಟ್ಟು ಹೇಳಿದ್ದು ಮಾತ್ರ "ಫೋಟೋದಾಗ ಹಿಂಗ ಐತ್ರೀ" ಎಂದು. ಫೋಟೋ ತಪ್ಪು ಹೇಳುತ್ತದೆಯೇ ಅನ್ನುವ ಧ್ವನಿ ಅದರಲ್ಲಿತ್ತು. ಅವರಿಗೆ ಕೇಳಿಸಿತು ಅನ್ನಿಸುತ್ತದೆ.

ಅತ್ತಿ ಎದ್ದು ನಿಂತರು. ಮಂಡಿ ಹಿಡಿದುಕೊಂಡು, ನಿಧಾನವಾಗಿ. ಎಡಗೈಯನ್ನು ಸೊಂಟದ ಮೇಲೆ ಬಳಸಿ ಹಿಡಿದರು, ಒಳಗೆ ಕೊಡ ಇದ್ದ ಹಾಗೆ. ಮೈ ಸ್ವಲ್ಪ ಬಲಕ್ಕೆ ವಾಲಿತು. ಬಲಗೈಯನ್ನು ಪಕ್ಕಕ್ಕೆ ಚಾಚಿ, ಗಾಳಿಯಲ್ಲಿ ಏನನ್ನೋ ಸವರುತ್ತಾ ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಾಲ್ಕು ಹೆಜ್ಜೆ ಬಂದರು.

"ಹೊಳಿಯಿಂದ ಏರಿ ಬರುವಾಗ ಕೊಡಾ ಈ ಕಡಿ. ಗ್ವಾಡಿ ಈ ಕಡಿ. ಜಾರಬಾರದಂತ ಗ್ವಾಡಿ ಹಿಡಕೊಂಡ ಬರತಿದ್ದಿವಿ, ದಿನಾ ಎಂಟು ಕೊಡಾ. ನೀ ಮಾಡಿದ ಓಣ್ಯಾಗ ಬಂದ್ರ ಕೊಡಾ ಗ್ವಾಡಿಗೆ ಬಡೀತೈತಿ."

ನಾನು ಎದ್ದು ಹೋಗಿ ಆಲ್ಬಂ ತಂದೆ. ಲೈಟಿನ ಕೆಳಗೆ ಎರಡನ್ನೂ ಪಕ್ಕ ಪಕ್ಕ ಇಟ್ಟೆ. ಫೋಟೋದಲ್ಲಿ ಗೋಡೆ ಎಡಕ್ಕೆ. ಹಲಗೆಯಲ್ಲಿ ಬಲಕ್ಕೆ. ಮುಖ ಕೆಳಗೆ ಮಾಡಿ ಅಂಟಿಸಿದ ಪ್ರಿಂಟು ಕನ್ನಡಿಯಂತೆ ತಿರುಗಿ ಇಳಿದಿತ್ತು. ಇಡೀ ಓಣಿಯಲ್ಲಿ ಒಂದು ಬೋರ್ಡು ಇದ್ದಿದ್ದರೆ ಅಕ್ಷರ ನೋಡಿ ಮೊದಲ ದಿನವೇ ಗೊತ್ತಾಗುತ್ತಿತ್ತು. ಓಣಿಯಲ್ಲಿ ಅಕ್ಷರವೇ ಇರಲಿಲ್ಲ.

"ತಪ್ಪಾತ್ರೀ" ಅಂದೆ.

"ನಿಂದೇನ್ ತಪ್ಪು, ನೀ ನೀರು ಹೊತ್ತೀಯೇನು" ಅಂದರು. ನಗುತ್ತಾ ಅಂದರೋ, ಚುಚ್ಚಿ ಅಂದರೋ, ಹದಿನೆಂಟು ವರ್ಷದಲ್ಲಿ ನನಗೆ ಇನ್ನೂ ಇದೊಂದು ಗೊತ್ತಾಗುವುದಿಲ್ಲ.

ಹೋಗುವಾಗ ಇನ್ನೊಂದು ಮಾತು. ಹಲಗೆ ದೊಡ್ಡದು, ಪ್ರಿಂಟು ಸಣ್ಣದು, ಸುತ್ತ ಎರಡೆರಡು ಇಂಚು ಬಿಳಿ ಉಳಿದಿದೆ. ಫೋಟೋದ ಆಚೆ ಏನಿತ್ತೋ ಅದನ್ನು ನನ್ನ ಮನಸ್ಸಿನಿಂದ ತುಂಬುವುದು ಎಂದು ಬಿಟ್ಟಿದ್ದೆ. ಅತ್ತಿ ಆ ಬಿಳಿಯ ಮೇಲೆ ಬೆರಳಿಟ್ಟು "ಇಲ್ಲೆ ಹುಣಸಿ ಮರ ಇತ್ತು" ಅಂದರು. "ನಿಮ್ಮ ಮಾವ ಫೋಟೋ ತಗ್ಯಾಕ ನಿಂತಾಗ ನಾ ಅದರ ಬುಡಕ ಇದ್ದೆ. 'ಸರಿ ಆ ಕಡಿ, ಅಡ್ಡ ಬರತಿ' ಅಂದರು. ಸರಿದೆ."

ಡಬ್ಬಿ ಮುಚ್ಚಿ ಒಳಗೆ ಹೋಗಿ ಮಲಗಿದರು. ಇಷ್ಟು ಪಟಾಕಿಗೂ ಎಚ್ಚರವಾಗಿಲ್ಲ.

ಈಗ ಏನು ಮಾಡುವುದು? ಹೊಸ ಹಲಗೆ ತಂದು, ಪ್ರಿಂಟನ್ನು ಉಲ್ಟಾ ತೆಗೆಸಿ, ಮೊದಲಿನಿಂದ ಮಾಡಬಹುದು. ಗೋಡೆ ಬರುತ್ತದೆ, ಚಹಾ ಬಣ್ಣದ ಹೊಳೆ ಬರುತ್ತದೆ, ಖಣ ಇನ್ನೂ ಒಂದು ಗೇಣು ಇದೆ, ಈ ಸಲ ಕೇಳಿಯೇ ಕತ್ತರಿಸುತ್ತೇನೆ. ಮಣ್ಣಿನ ಸೀಳು ಮಾತ್ರ ಹೇಳಿದ ಹಾಗೆ ಬರುವುದಲ್ಲ. ಜೆಲ್ ಡಬ್ಬಿಯ ತಳ ಕಾಣುತ್ತಿದೆ, ತರಿಸಲು ಮತ್ತೆ ನಾಲ್ಕೈದು ದಿನ. ಝೆರಾಕ್ಸ್ ಅಂಗಡಿಯ ಹುಡುಗನ ಮುಂದೆ ಹೋಗಿ ನಿಲ್ಲುವುದೊಂದು ಬೇರೆ.

ಪೆನ್ಸಿಲ್ ತಗೊಂಡು ಹುಣಸೆ ಮರದ ಜಾಗ ಗುರುತು ಮಾಡಿ ಮಲಗೋಣ ಅಂದುಕೊಂಡೆ. ಅತ್ತಿ ಬೆರಳಿಟ್ಟದ್ದು ಬಲಗಡೆಯ ಬಿಳಿಯ ಮೇಲೆ, ಗೋಡೆಯ ಹಿಂದೆ. ಎಲೆ ಅಡಿಕೆಯ ಕಲೆ ಇನ್ನೂ ಅಲ್ಲೇ ಇದೆ. ಆದರೆ ಅವರು ತೋರಿಸಿದ್ದು ಈ ಉಲ್ಟಾ ಓಣಿಯಲ್ಲಿ ಗೋಡೆಯ ಪಕ್ಕ ನೋಡಿಯೋ, ಇಲ್ಲ ಅವರ ಓಣಿಯಲ್ಲಿ ನಿಜಕ್ಕೂ ಬಲಗಡೆ, ಹಿತ್ತಲಿನ ಕಡೆಯೋ? ಮೊದಲನೆಯದಾದರೆ ಹೊಸ ಹಲಗೆಯಲ್ಲಿ ಮರ ಎಡಕ್ಕೆ ಹೋಗಬೇಕು. ಎರಡನೆಯದಾದರೆ ಇದ್ದಲ್ಲೇ. ಅತ್ತಿ ಸರಿದು ನಿಂತದ್ದು ಆಗ ಯಾವ ಕಡೆ...