ಕಿಲಿಮಂಜಾರೋಗೆ ಗಾಲಿ ಮೇಲೆ ಹೊರಡುವವರಿಗೆ

ನನಗೆ ಸೊಂಟದ ಕೆಳಗೆ ಸ್ಪರ್ಶವಿಲ್ಲ. ವ್ಹೀಲ್‌ಚೇರ್ ರೇಸ್ ನನ್ನ ಆಟ. ತೋಳುಗಳನ್ನು ನಂಬಿಕೊಂಡು ಕಿಲಿಮಂಜಾರೋ ಹತ್ತಲು ಟಾಂಜಾನಿಯಾಗೆ ಹೋದೆ. ತೋಳು ಸೋಲಲಿಲ್ಲ. ನನ್ನನ್ನು ತುದಿಗೆ ಮುಂಚಿನ ಕೊನೆಯ ತಂಗುದಾಣ ಕಿಬೋ ಹಟ್‌ನಿಂದ ಹಿಂದೆ ಕಳಿಸಿದ್ದು ಕೂರುವ ಜಾಗದ ಚರ್ಮ.

ಅಮೆರಿಕದ ಕ್ರಿಸ್ ವ್ಯಾಡೆಲ್ 2009ರಲ್ಲಿ ಕೈಯಿಂದ ಪೆಡಲ್ ಮಾಡುವ ನಾಲ್ಕು ಗಾಲಿಯ ಗಾಡಿಯಲ್ಲಿ 5,895 ಮೀಟರ್ ತುದಿ ಮುಟ್ಟಿದ್ದರು. ಅದನ್ನು ಓದಿದಾಗಿನಿಂದ ಈ ಆಸೆ. ಎರಡು ವರ್ಷ ಹ್ಯಾಂಡ್‌ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತಿ ಇಳಿದೆ. ಜೊತೆಗೆ, ಬೆನ್ನುಹುರಿಗೆ ಪೆಟ್ಟಾದ ಹಳ್ಳಿಯವರಿಗೆ ಕುಶನ್ ಕೊಡಿಸಲು ಹಣ ಸೇರಿಸಿದೆವು. ಕುರ್ಚಿ ಹೇಗೋ ಸಿಗುತ್ತದೆ, ಒಳ್ಳೆ ಕುಶನ್ ಸಿಗುವುದಿಲ್ಲ. ಕೂತ ಜಾಗದಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ಬೋರಲು ಮಲಗಿದವರನ್ನು ನೋಡಿದ್ದೇನೆ.

ಹಣದ ಬಗ್ಗೆ ಒಂದು ಮಾತು. ಪ್ರವಾಸದ ಖರ್ಚು ಬೇರೆ ಖಾತೆ, ದಾನದ ಹಣ ಬೇರೆ ಖಾತೆ. ತುದಿ ಮುಟ್ಟಿದರೂ ಮುಟ್ಟದಿದ್ದರೂ ಕುಶನ್ ಹಂಚುತ್ತೇವೆ ಅಂತ ಮೊದಲೇ ಹೇಳಿಬಿಡಿ. ನಾವು ಹೇಳಿದ್ದೆವು. ಹಾಗಾಗಿ ವಾಪಸ್ ಹೊರಡುವ ತೀರ್ಮಾನ ಸುಲಭವಾಯಿತು.

ಬೆಟ್ಟ ಹತ್ತುವ ದಾರಿಗಳಲ್ಲಿ ಮಾರಂಗು ಆರಿಸಿಕೊಳ್ಳಿ. ಮಲಗಲು ಹಟ್‌ಗಳಿವೆ: ಮಂದಾರ 2,720, ಹೊರೊಂಬೊ 3,720, ಕಿಬೋ ಸುಮಾರು 4,700 ಮೀಟರ್. ಮೆಟ್ಟಿಲುಗಳಿವೆ, ಎತ್ತಿಕೊಂಡು ಹೋಗುವವರು ಬೇಕು. ಕಾಡಿನ ಭಾಗದಲ್ಲಿ ಬೇರು, ಕೆಸರು. ಹೊರೊಂಬೊ ದಾಟಿದ ಮೇಲೆ ಕಿಬೋ ಮತ್ತು ಮಾವೆಂಜಿ ಶಿಖರಗಳ ನಡುವಿನ ಬಯಲು ಸಿಗುತ್ತದೆ. ಅಷ್ಟು ದಿನದಲ್ಲಿ ನಾನೊಬ್ಬನೇ ಕೈಯಿಂದ ಪೆಡಲ್ ಮಾಡಿಕೊಂಡು ಹೋದದ್ದು ಅಲ್ಲೇ. ಮರವಿಲ್ಲ, ಸದ್ದಿಲ್ಲ, ಗಾಲಿ ಕೆಳಗೆ ಜಲ್ಲಿ ಮಾತ್ರ. ಪೋರ್ಟರ್‌ಗಳು ಪಕ್ಕದಲ್ಲಿ ‘ಪೋಲೆ ಪೋಲೆ’ ಅನ್ನುತ್ತಾ ಬಂದರು. ಸ್ವಾಹಿಲಿಯಲ್ಲಿ ನಿಧಾನ, ನಿಧಾನ ಅಂತ. ಒಬ್ಬರಿಗೆ 20 ಕೆಜಿಗಿಂತ ಜಾಸ್ತಿ ಹೊರೆ ಹೊರಿಸಬಾರದು. ನಮ್ಮನ್ನು ಎಳೆಯುವವರು ಬೇರೆ, ಸಾಮಾನು ಹೊರುವವರು ಬೇರೆ ಇರಲಿ. ಗಾಲಿಗೆ ದಿನ ಜಾಸ್ತಿ ಹಿಡಿಯುತ್ತದೆ, ಪಾರ್ಕ್ ಶುಲ್ಕ ದಿನದ ಲೆಕ್ಕ. ಅದಕ್ಕೂ ದುಡ್ಡು ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. ನನ್ನದು ಗಾಳಿ ತುಂಬಿದ ಕುಶನ್. ಮೇಲೆ ಹೋದಷ್ಟೂ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗಿ ಕುಶನ್ ಕಲ್ಲಿನ ಹಾಗಾಗುತ್ತದೆ. ಮಂದಾರದಲ್ಲಿ ಕುಶನ್‌ನಿಂದ ಸ್ವಲ್ಪ ಗಾಳಿ ಹೊರಬಿಟ್ಟಿದ್ದೆ. ಹೊರೊಂಬೊದಲ್ಲಿ ಸುಸ್ತಾಗಿ ಮರೆತೆ. ಸ್ಪರ್ಶವಿಲ್ಲದವರಿಗೆ ಅದು ಗೊತ್ತಾಗುವುದೇ ಇಲ್ಲ ಅಲ್ವಾ? ಕಿಬೋದಲ್ಲಿ ರಾತ್ರಿ ಗೆಳೆಯ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದ. ಎರಡು ರೂಪಾಯಿ ನಾಣ್ಯದಷ್ಟು ಕೆಂಪು. ಒತ್ತಿ ಬಿಟ್ಟರೂ ಬಣ್ಣ ಹೋಗಲಿಲ್ಲ. ಅದು ಹುಣ್ಣಿನ ಶುರು. ಮುಂದೆ ಇನ್ನೂ ಸಾವಿರ ಮೀಟರ್‌ಗೂ ಮೀರಿದ ಏರು, ಸಡಿಲ ಜಲ್ಲಿ, ಕುಲುಕಾಟ. ಬೇಡ ಅಂದೆ. ಆ ರಾತ್ರಿ ತುಂಬಾ ಅತ್ತೆ. ಆದರೂ ಅದು ಸರಿಯಾದ ತೀರ್ಮಾನ ಅಂತ ಇವತ್ತಿಗೂ ನಂಬುತ್ತೇನೆ.

ಪ್ರತಿ ಹಟ್‌ನಲ್ಲೂ, ಎಷ್ಟೇ ಸುಸ್ತಾಗಿದ್ದರೂ, ಮೊದಲು ಕುಶನ್, ಆಮೇಲೆ ಚಹಾ. ಕುಶನ್‌ಗೂ ಮೈಗೂ ನಡುವೆ ಕೈ ತೂರಿಸಿ ನೋಡಿ, ಮೂಳೆಗೂ ಕುಶನ್ ತಳಕ್ಕೂ ನಡುವೆ ಬೆರಳಿನಷ್ಟು ಜಾಗ ಇರಬೇಕು. ಚರ್ಮ ನೋಡಲು ಒಬ್ಬ ಆಪ್ತರನ್ನು ಮೊದಲೇ ಒಪ್ಪಿಸಿಕೊಂಡಿರಿ. ನಾಚಿಕೆ ಬೇಡ.

ಎತ್ತರದ ಜಾಗದ ಕಾಯಿಲೆ ಬರದಿರಲಿ ಅಂತ ಕೊಡುವ ಡಯಾಮಾಕ್ಸ್ ಮಾತ್ರೆಯಿಂದ ಮೂತ್ರ ಜಾಸ್ತಿ ಆಗುತ್ತದೆ. ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಬಳಸುವವರು ಅದನ್ನು ಲೆಕ್ಕ ಹಾಕಿ ಒಯ್ಯಿರಿ, ಹೊರಡುವ ಮುಂಚೆ ಡಾಕ್ಟರ್ ಜೊತೆ ಮಾತಾಡಿ. ಕಿಬೋದಲ್ಲಿ ನೀರಿಲ್ಲ, ಕೆಳಗಿನಿಂದ ಹೊತ್ತು ತರಬೇಕು. ಕೈ ತೊಳೆಯುವ ನೀರನ್ನು ಕುಡಿಯುವ ನೀರಿನ ಲೆಕ್ಕದಲ್ಲೇ ಸೇರಿಸಿ. ಕಾಲು ಬೆಚ್ಚಗಿಡಲು ಬಿಸಿ ಪ್ಯಾಕೆಟ್‌ಗಳನ್ನು ಚರ್ಮಕ್ಕೆ ತಾಗಿಸಬೇಡಿ. ಸುಟ್ಟರೂ ತಿಳಿಯುವುದಿಲ್ಲ.

ಇಳಿಯುವಾಗ ಕುಶನ್ ಕಥೆ ತಿರುಗುಮುರುಗು. ಕುಶನ್ ಮೆತ್ತಗಾಗಿ ಮೂಳೆ ನೇರ ತಳಕ್ಕೆ ತಾಗುತ್ತದೆ. ಕೈಪಂಪನ್ನು ಸಾಮಾನಿನ ಜೊತೆ ಮುಂದೆ ಕಳಿಸಬೇಡಿ, ನಿಮ್ಮ ಮಡಿಲಲ್ಲೇ ಇರಲಿ.