ಕೊನೆಗೂ ಬಿಟ್ಟುಕೊಂಡ 1972ರ ತುಣುಕು

ಎಸ್.ಎಂ. ಕೃಷ್ಣ ಅವರ ಬದುಕಿನ ಕುರಿತು ನಾನು ಜೋಡಿಸುತ್ತಿರುವ ಆಲ್ಬಂನಲ್ಲಿ ಮೂರು ತಿಂಗಳಿಂದ ಖಾಲಿ ಉಳಿದಿದ್ದ ಜಾಗ ನಿನ್ನೆ ರಾತ್ರಿ ತುಂಬಿತು. ನನ್ನ ತಂದೆಯವರು ಹಳೆಯ ಖಾತೆ ಪುಸ್ತಕದಲ್ಲಿ ಅಂಟಿಸಿಟ್ಟಿದ್ದ ಪತ್ರಿಕಾ ತುಣುಕುಗಳಲ್ಲಿ 1999ರಿಂದ 2004ರವರೆಗಿನ ಮುಖ್ಯಮಂತ್ರಿ ಅವಧಿಯವು, ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದಾಗಿನವು, 2009ರಲ್ಲಿ ವಿದೇಶಾಂಗ ಸಚಿವರಾದಾಗಿನವು ಎಲ್ಲವೂ ಸಲೀಸಾಗಿ ಬಿಟ್ಟುಕೊಂಡಿದ್ದವು. ಸತಾಯಿಸಿದ್ದು ಒಂದೇ ತುಣುಕು.

ಸೋಮನಹಳ್ಳಿಯ ಕೃಷ್ಣ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು. 1968ರ ಉಪಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಮಂಡ್ಯದ ಸಂಸದರಾದರು; 1971ರಲ್ಲಿ ಅದೇ ಕ್ಷೇತ್ರವನ್ನು ಕಾಂಗ್ರೆಸ್ಸಿನಿಂದ ಗೆದ್ದರು. ಗೆದ್ದ ಮರುವರ್ಷವೇ ಲೋಕಸಭೆಯ ಸ್ಥಾನ ಬಿಟ್ಟು ದೇವರಾಜ ಅರಸರ ಸಂಪುಟ ಸೇರಿದರು. ಅವರ ರಾಜಕೀಯ ಜೀವನದ ದೊಡ್ಡ ತಿರುವು ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಸುದ್ದಿಯ ತುಣುಕಿಗೆ ತಂದೆಯವರು ದಿನಾಂಕ ಬರೆದಿರಲಿಲ್ಲ. ದಿನಾಂಕವೇನಾದರೂ ಇದ್ದರೆ ಹಿಂಬದಿಯಲ್ಲಿರಬೇಕು, ಹಿಂಬದಿಗೋ ಅಂಚಿನಿಂದ ಅಂಚಿಗೆ ಗೋಂದು ಬಳಿದಿತ್ತು.

ಮೊದಲು ಹಬೆ ಹಿಡಿದೆ. ನ್ಯೂಸ್‌ಪ್ರಿಂಟ್ ಬೇಗ ಉಬ್ಬಿತು, ದಪ್ಪನೆಯ ಖಾತೆ ಹಾಳೆ ಮಿಸುಕಲಿಲ್ಲ; ಒಂದು ಮೂಲೆ ಎರಡು ಪದರವಾಗಿ ಸೀಳಿತು. ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟಾಗ ಗೋಂದಿನ ಕಂದು ಬಣ್ಣ ಹರಿದು ಕೃಷ್ಣ ಅವರ ಚಿತ್ರದ ಭುಜದವರೆಗೆ ಕಲೆಯಾಯಿತು. ಅಂದು ಕೈಬಿಟ್ಟವನು ಹದಿನೈದು ದಿನ ಆ ಪುಟವನ್ನು ತೆರೆಯಲಿಲ್ಲ.

ಹಳೆಯ ಗೋಂದನ್ನು ನಿಧಾನವಾಗಿ ನೆನೆಸಿ ಸಡಿಲಿಸುವ ಲೋಳೆಗೆ ಬಳಸುವ ಮೀಥೈಲ್ ಸೆಲ್ಯುಲೋಸ್ ಪುಡಿ ಬೇಕೆಂದು ಬೆಂಗಳೂರಿನ ಅಂಗಡಿಯೊಂದಕ್ಕೆ ಹಣ ಕಳಿಸಿದರೆ, ಬಂದದ್ದು ಗೋಡೆಗೆ ಕಾಗದ ಅಂಟಿಸುವ ಪುಡಿ. ಕೇಳಿದ್ದಕ್ಕೆ ಎರಡೂ ಒಂದೇ ಎಂದರು. ಒಂದೇ ಅಲ್ಲ, ಅಂಟು ಬಿಡಿಸಲು ಹೊರಟವನಿಗೆ ಅಂಟನ್ನೇ ಕಳಿಸುವುದು ಅನ್ಯಾಯ. ಸರಿಯಾದ ಪುಡಿ ಕೈಸೇರಲು ಮತ್ತೆ ಒಂದು ತಿಂಗಳು ಹಿಡಿಯಿತು. ಅದು ಬಿಸಿನೀರಿನಲ್ಲಿ ಕರಗದೆ, ತಣ್ಣಗಾದ ಮೇಲೆ ಲೋಳೆಯಾಗುತ್ತದೆ.

ಕಾಯುತ್ತಿದ್ದಾಗ ಮುಂದಿನ ಕೆಲಸವೂ ನಿಶ್ಚಯವಾಯಿತು. 1989 ಮತ್ತು 1991ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದ, ಕಾವೇರಿ ಹೋರಾಟವನ್ನು ಮುನ್ನಡೆಸಿದ ಜಿ. ಮಾದೇಗೌಡರ ಕಾಲದ ಕರಪತ್ರಗಳು ಮೈಸೂರಿನ ಸ್ನೇಹಿತರೊಬ್ಬರ ಅಟ್ಟದಲ್ಲಿವೆ. ಅವುಗಳ ಪಿನ್ನುಗಳೆಲ್ಲ ತುಕ್ಕು ಹಿಡಿದಿರುವುದರಿಂದ ಅಲ್ಲಿನ ಕಷ್ಟ ಬೇರೆಯೇ.

ನಿನ್ನೆ ಖಾತೆ ಹಾಳೆಯನ್ನು ಪುಸ್ತಕದಿಂದ ಕತ್ತರಿಸಿ, ತುಣುಕನ್ನು ಬೋರಲು ಮಲಗಿಸಿ, ಲೋಳೆಯನ್ನು ತುಣುಕಿಗೆ ಸೋಕಿಸದೆ ಹಾಳೆಯ ಬೆನ್ನಿಗೆ ಮಾತ್ರ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಇಪ್ಪತ್ತು ನಿಮಿಷದ ನಂತರ ಎಳೆದದ್ದೂ ತುಣುಕನ್ನಲ್ಲ, ಹಾಳೆಯನ್ನು. ಅದು ನೆನೆದ ಚಪಾತಿಯಂತೆ ಪದರ ಪದರವಾಗಿ ಎದ್ದು ಬಂತು. ಉಳಿದ ಗೋಂದನ್ನು ಒದ್ದೆ ಹತ್ತಿಯಿಂದ ಒತ್ತಿ ಒತ್ತಿ ತೆಗೆದಾಗ, ಮೊದಲು ಬೆಲ್ಲದ ಧಾರಣೆಯ ಪಟ್ಟಿ ಕಂಡಿತು, ಅದರ ನೆತ್ತಿಯ ಮೇಲೆ ಅರ್ಧ ಕತ್ತರಿಸಿಹೋದ ತಿಂಗಳ ಹೆಸರು, ಪಕ್ಕದಲ್ಲಿ ನಾಲ್ಕು ಅಂಕಿಯೂ ಪೂರ್ತಿಯಾಗಿ: 1972.

ಸೀಳಿದ ಮೂಲೆಗೆ ಜಪಾನೀ ಟಿಶ್ಯೂ (ಹರಿದ ಕಾಗದದ ದುರಸ್ತಿಗೆ ಬಳಸುವ ತೆಳ್ಳನೆಯ, ಗಟ್ಟಿ ನಾರಿನ ಕಾಗದ) ಹಚ್ಚಿ, ಬ್ಲಾಟಿಂಗ್ ಪೇಪರಿನ ನಡುವೆ ಭಾರ ಹೇರಿಟ್ಟಿದ್ದೇನೆ. ಭುಜದ ಮೇಲಿನ ಕಲೆ ಹೋಗಿಲ್ಲ.