ಸಂಡೂರಿನ ಬೆಟ್ಟದಿಂದ ದರೋಜಿ ಕೆರೆಗೆ: ಒಂದು ಹಳ್ಳದ ಹಿಂದೆ ಎರಡು ದಿನ

ಕೆರೆ ಹೂಳೆತ್ತಿಸಬೇಕು ಅಂತ ನಿಮ್ಮೂರಲ್ಲೂ ಮಾತು ನಡೀತಾ ಇದ್ದರೆ, ಜೆಸಿಬಿಗೆ ಹೇಳೋ ಮೊದಲು ಎರಡು ದಿನ ಬಿಡುವು ಮಾಡಿಕೊಂಡು ಸಂಡೂರಿಗೆ ಹೋಗಿ ಬನ್ನಿ. ನಾವು ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆಯವರು. ನಮ್ಮದು ಗುಡ್ಡದ ಬುಡದಲ್ಲಿರುವ ಸಣ್ಣ ಕೆರೆ. ನಾಲ್ಕು ವರ್ಷದ ಹಿಂದೆ ಊರವರೆಲ್ಲ ಸೇರಿ ಹೂಳು ತೆಗೆಸಿದ್ದೆವು. ಮಣ್ಣು ಹೊಲಕ್ಕೆ ಹೋಯಿತು, ಎಲ್ಲರಿಗೂ ಖುಷಿ. ಎರಡೇ ಮಳೆಗಾಲದಲ್ಲಿ ತೂಬಿನ ಬಾಯಿ ಮತ್ತೆ ಮುಚ್ಚಿತು. ಆಗ ನಮ್ಮ ಚಿಕ್ಕಪ್ಪ ಕಟ್ಟೆ ಮೇಲೆ ಕೂತು ಕೇಳಿದರು: ಈ ಮಣ್ಣು ಬರ್ತಾ ಇರೋದು ಎಲ್ಲಿಂದ? ಮೂವತ್ತು ಜನ ಇದ್ದೆವು. ಒಬ್ಬರೂ ಗುಡ್ಡ ಹತ್ತಿ ನೋಡಿರಲಿಲ್ಲ.

ಅದಕ್ಕೇ ಕಳೆದ ಸೆಪ್ಟೆಂಬರ್‌ನಲ್ಲಿ ಐದು ಜನ ಹೊರಟೆವು. ಸಂಡೂರೇ ಯಾಕೆ ಅಂದ್ರೆ, ಅಲ್ಲಿ ಒಂದೇ ಹಳ್ಳದ ಇಡೀ ಕಥೆ ಎರಡು ದಿನದ ಓಡಾಟದಲ್ಲಿ ಕಣ್ಣಿಗೆ ಸಿಗುತ್ತದೆ. ಸಂಡೂರಿನ ಕಣಿವೆಯ ಹೆಚ್ಚಿನ ನೀರೆಲ್ಲ ನಾರಿಹಳ್ಳಕ್ಕೆ ಸೇರುತ್ತದೆ, ಆ ಹಳ್ಳ ಬೆಟ್ಟದ ಸಾಲನ್ನೇ ಸೀಳಿಕೊಂಡು ಹೊರಗೆ ಬರುತ್ತದೆ, ತಾರಾನಗರದ ಹತ್ತಿರ ಅದಕ್ಕೆ ಜಲಾಶಯ ಕಟ್ಟಿದ್ದಾರೆ, ಅದರಿಂದ ಮುಂದಕ್ಕೆ ಅದು ದರೋಜಿಯ ದೊಡ್ಡ ಕೆರೆಗೆ ಹೋಗುತ್ತದೆ. ಬೆಟ್ಟ, ತೊರೆ, ಗಣಿ, ತಡೆಗೋಡೆ, ಜಲಾಶಯ, ಹಳೇ ಕೆರೆ. ಎಲ್ಲಾ ಒಂದೇ ನೀರಿನ ದಾರಿಯಲ್ಲಿ.

ಯಾವಾಗ ಹೋಗಬೇಕು? ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ತನಕ. ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂತ ಗಾಂಧೀಜಿ ಹೇಳಿದ್ದರು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ, ಆಗ ಬೆಟ್ಟ ನಿಜಕ್ಕೂ ಹಸಿರಾಗಿರುತ್ತದೆ. ಆದ್ರೆ ನೀವು ಹೋಗ್ತಿರೋದು ಹಸಿರು ನೋಡೋಕೆ ಅಲ್ಲ. ಜೋರು ಮಳೆ ಬಿದ್ದ ಮಾರನೇ ದಿನ ಹೋಗಿ. ಬೇಸಿಗೆಯಲ್ಲಿ ಹೋದರೆ ಬರೀ ಕಲ್ಲು ಕಾಣುತ್ತದೆ, ಯಾವ ಕೊರಕಲಿನಲ್ಲಿ ಮಣ್ಣು ಇಳಿಯುತ್ತಿದೆ ಅನ್ನೋದು ಗೊತ್ತಾಗುವುದಿಲ್ಲ. ಮಳೆ ಸುರೀತಾ ಇರುವಾಗ ಮಾತ್ರ ಹಳ್ಳಕ್ಕೆ ಇಳಿಯಬೇಡಿ. ಮೇಲೆ ಬಿದ್ದ ನೀರು ಕೆಳಗೆ ಬರೋಕೆ ಜಾಸ್ತಿ ಹೊತ್ತು ಬೇಡ.

ಜೊತೆಗೆ ಏನು ಒಯ್ಯಬೇಕು ಅಂತ ಕೇಳಿದರೆ ನಾನು ಮೊದಲು ಹೇಳೋದು ಒಂದು ಲೀಟರಿನ ಐದು ಖಾಲಿ ಬಾಟಲಿ. ಎಲ್ಲಾ ಒಂದೇ ಅಳತೆಯವು ಇರಲಿ, ಬಣ್ಣ ಇಲ್ಲದವು. ಮೇಲೆ ಅಂಟಿಸೋಕೆ ಬಿಳಿ ಟೇಪು, ಬರೆಯೋಕೆ ಪೆನ್ನು. ಹೋದ ಕಡೆಯೆಲ್ಲ ಒಂದೊಂದು ಬಾಟಲಿ ತುಂಬಿಸಿ, ಜಾಗ, ಹೊತ್ತು ಬರೆದು, ರಾತ್ರಿಯಿಡೀ ಅಲುಗಾಡಿಸದೆ ಇಡಿ. ಮರಳು ಒಂದು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ನುಣುಪು ಮಣ್ಣಿಗೆ ಕೆಲವು ಗಂಟೆ ಬೇಕು. ಜೇಡಿ ಮಾರನೇ ದಿನವೂ ತೇಲ್ತಾ ಇರುತ್ತದೆ. ಇಷ್ಟು ನೋಡಿದರೆ ಎಲ್ಲಿ ಎಂಥ ಮಣ್ಣು ಹೋಗ್ತಾ ಇದೆ ಅಂತ ಯಾರೂ ಪಾಠ ಮಾಡಬೇಕಾಗಿಲ್ಲ.

ಬಳ್ಳಾರಿಯಿಂದ ಕುಡತಿನಿ, ತೋರಣಗಲ್ಲು ದಾಟಿ ಎಡಕ್ಕೆ ತಿರುಗಿದರೆ ಸಂಡೂರು ದಾರಿ. ಬಸ್ಸು ಸಿಗುತ್ತದೆ, ಆದರೆ ಬೆಟ್ಟದ ಮೇಲೆ ಓಡಾಡೋಕೆ ಸ್ವಂತ ಗಾಡಿ ಅಥವಾ ಬಾಡಿಗೆ ಜೀಪು ಬೇಕು. ಬೈಕ್ ಬೇಡ ಅಂತ ನನ್ನ ಸಲಹೆ. ಅದಿರಿನ ಲಾರಿಗಳ ಓಡಾಟ ಜಾಸ್ತಿ, ಮಳೆ ಬಂದಾಗ ರಸ್ತೆ ಮೇಲಿನ ಕೆಂಪು ದೂಳು ಸಾಬೂನಿನ ಹಾಗೆ ಜಾರುತ್ತದೆ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಒಳ್ಳೇದು. ತೋರಣಗಲ್ಲಿನಲ್ಲಿ ಒಗ್ಗರಣಿ ಮಿರ್ಚಿ ತಿಂದುಕೊಂಡು ಹೋಗಿ, ಬೆಟ್ಟದ ಮೇಲೆ ಊಟದ ನಂಬಿಕೆ ಇಲ್ಲ.

ಮೊದಲು ಹರಿಶಂಕರ ತೀರ್ಥಕ್ಕೆ ಹೋಗಿ. ಕುಮಾರಸ್ವಾಮಿ ಬೆಟ್ಟದ ಕಡೆ ಹೋಗುವಾಗ ಸಿಗುವ ಊಟೆ ಅದು. ಬೆಟ್ಟದ ಸಂದಿನಿಂದ ನೀರು ತಾನಾಗೇ ಬರುತ್ತದೆ. ಮೊದಲ ಬಾಟಲಿ ನಾವು ಅಲ್ಲೇ ತುಂಬಿಸಿದೆವು. ಬೊಗಸೆಯಲ್ಲಿ ಹಿಡಿದರೆ ಕೈಯ ಗೆರೆ ಕಾಣಿಸುವಷ್ಟು ತಿಳಿ. ಅದಕ್ಕೆ ಕಾರಣ ಬೆಟ್ಟದ ಮೇಲಿದೆ. ಈ ಬೆಟ್ಟದ ಕಬ್ಬಿಣದ ಕಲ್ಲಿನಲ್ಲಿ ಬಿರುಕು, ತೂತು ಜಾಸ್ತಿ. ಮರ, ಹುಲ್ಲು, ತರಗೆಲೆ ಇರೋ ಕಡೆ ಮಳೆ ನೀರು ನಿಧಾನಕ್ಕೆ ಅದರೊಳಗೆ ಇಳಿದು, ಕಲ್ಲಿನ ಒಳಗೇ ಉಳಿದು, ಎಷ್ಟೋ ದಿನ ಆದ ಮೇಲೆ ಕೆಳಗೆ ಹೊರಗೆ ಬರುತ್ತದೆ. ಮೇಲಿನ ಮಣ್ಣು, ಹುಲ್ಲು ಹೋದರೆ ನೀರು ಇಳಿಯೋ ಬದಲು ಜಾರಿ ಓಡುತ್ತದೆ. ಆಗ ಊಟೆ ಸಣ್ಣಗಾಗುತ್ತದೆ, ಹಳ್ಳ ಕೆಂಪಾಗುತ್ತದೆ. ಇವೆರಡೂ ಒಂದೇ ರೋಗ.

ಅಲ್ಲಿಂದ ಕುಮಾರಸ್ವಾಮಿ ಬೆಟ್ಟ. ಪಾರ್ವತಿ ಗುಡಿ ಚಾಲುಕ್ಯರ ಕಾಲದ ಶೈಲಿಯದು, ಅದಕ್ಕೊಂದು ಗಂಟೆ ಇಟ್ಟುಕೊಳ್ಳಿ. ಕುಮಾರಸ್ವಾಮಿ ಗುಡಿಯೊಳಗೆ ಹೆಂಗಸರು ಹೋಗದ ಪದ್ಧತಿ ಇದೆ, ಕುಟುಂಬದ ಜೊತೆ ಹೋಗೋರಿಗೆ ಮೊದಲೇ ಗೊತ್ತಿರಲಿ. ಪಕ್ಕದ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತು ನಮ್ಮ ಗುಂಪಿನ ಹಿರಿಯರೊಬ್ಬರು ಹೇಳಿದ್ದು ನೆನಪಿದೆ: ಇಷ್ಟು ಎತ್ತರದಲ್ಲಿ ಕೊಳ ಕಟ್ಟಿದವರಿಗೆ ಬೆಟ್ಟದ ನೀರು ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿತ್ತು.

ಮೇಲಿಂದ ನೋಡಿದರೆ ಒಂದು ಕಡೆ ದಟ್ಟ ಹಸಿರು, ಇನ್ನೊಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು. ಗಣಿಯ ಕಥೆ ಈ ಜಿಲ್ಲೆಯವರಿಗೆ ಹೊಸದಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನ ತೀರ್ಪಿನಲ್ಲಿ ಹೆಚ್ಚು ಅಕ್ರಮ ಮಾಡಿದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರು ಕೆಲಸ ಮತ್ತೆ ಶುರು ಮಾಡಬೇಕಾದರೆ ಕೆಡಿಸಿದ ನೆಲ ಸರಿಪಡಿಸುವ ಯೋಜನೆ ಪಾಲಿಸಬೇಕು ಅಂತಾಯಿತು. ಮಣ್ಣಿನ ರಾಶಿ ಜಾರದ ಹಾಗೆ ತಡೆಗೋಡೆ, ರಾಶಿಯ ಸುತ್ತ ಚರಂಡಿ, ಕೊರಕಲುಗಳಿಗೆ ಕಲ್ಲಿನ ತಡೆ, ಹಳ್ಳಗಳಿಗೆ ಚೆಕ್ ಡ್ಯಾಂ, ಗಿಡ ನೆಡುವುದು, ಇವೆಲ್ಲ ಅದರಲ್ಲಿ ಬರುತ್ತವೆ.

ಇಂಥ ಒಂದು ಕಲ್ಲಿನ ತಡೆಯ ಹತ್ತಿರ ನಾವು ಒಂದೂವರೆ ಗಂಟೆ ಕಳೆದೆವು. ಇಡೀ ಪ್ರವಾಸದಲ್ಲಿ ನಾನು ಜಾಸ್ತಿ ಕಲಿತದ್ದು ಅಲ್ಲೇ. ಸೊಂಟದ ಎತ್ತರ, ಸಿಮೆಂಟ್ ಇಲ್ಲ, ಬರೀ ಒಣಗಲ್ಲು ಜೋಡಿಸಿದ್ದು. ನಡುವೆ ಸ್ವಲ್ಪ ತಗ್ಗು, ನೀರು ಉಕ್ಕಿದರೆ ಅಲ್ಲೇ ಹಾಯಲಿ ಅಂತ. ಹಿಂದೆ ಮಣ್ಣು ತುಂಬಿ ಪುಟ್ಟ ಅಂಗಳದ ಹಾಗಾಗಿತ್ತು. ಚಿಕ್ಕಪ್ಪ ಕೋಲಿನಿಂದ ಅಂಚು ಕೆರೆದರು. ಪದರ ಪದರವಾಗಿ ಕಾಣಿಸಿತು: ಕೆಳಗೆ ಕಡಲೆ ಗಾತ್ರದ ಕಲ್ಲು, ಮೇಲೆ ದಪ್ಪ ಮರಳು, ಅದರ ಮೇಲೆ ಕುಂಕುಮದಂಥ ನುಣುಪು ಕೆಂಪು, ಮತ್ತೆ ಕಲ್ಲು, ಮತ್ತೆ ಮರಳು. ಒಂದೊಂದು ಜೋಡಿಯೂ ಒಂದೊಂದು ದೊಡ್ಡ ಮಳೆ. ಮೇಲಿನ ಪದರದ ಕಲ್ಲುಗಳು ಕೆಳಗಿನವಕ್ಕಿಂತ ದಪ್ಪ ಇದ್ದವು, ಮುಷ್ಟಿ ಗಾತ್ರದವು. ಅಂದರೆ ಕೊನೆಯ ಮಳೆಯ ನೀರು ಜೋರಾಗಿ ಓಡಿದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ ಎನ್ನುವ ಹಳೆಯ ಲೆಕ್ಕ ಇದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಅವತ್ತು.

ತಡೆಯ ಬಲಗಡೆ ದಂಡೆ ಕೊರೆದು ಹೋಗಿತ್ತು. ಹಿಂದಿನ ಜಾಗ ತುಂಬಿದ ಮೇಲೆ ಯಾರೂ ಬಂದು ಹೂಳು ತೆಗೆದಿರಲಿಲ್ಲ. ನೀರು ಪಕ್ಕದಿಂದ ದಾರಿ ಮಾಡಿಕೊಂಡು, ಹಿಡಿದಿಟ್ಟ ಮಣ್ಣನ್ನೂ ಎಳೆದುಕೊಂಡು ಹೋಗ್ತಾ ಇತ್ತು. ನನಗೆ ತುಂಬಾ ಬೇಜಾರಾಯಿತು. ಕಟ್ಟಿದವರ ಕೆಲಸ ಚೆನ್ನಾಗಿಯೇ ಇತ್ತು. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ನಾಲ್ಕು ಜನ ಒಂದು ದಿನ ದುಡಿದಿದ್ದರೆ ಅದು ಉಳೀತಾ ಇತ್ತು. ಎರಡನೇ ಬಾಟಲಿ ಅಲ್ಲಿಯದು.

ಒಂದು ಎಚ್ಚರಿಕೆ. ಇಲ್ಲಿ ಬಹುಪಾಲು ಮೀಸಲು ಅರಣ್ಯ. ಅನುಮತಿ ಇಲ್ಲದೆ ರಸ್ತೆ ಬಿಟ್ಟು ಒಳಗೆ ಹೋಗುವುದು ತಪ್ಪು. ಮೊದಲೇ ಅರಣ್ಯ ಇಲಾಖೆಗೆ ಪತ್ರ ಕೊಟ್ಟು, ಏನು ನೋಡೋಕೆ ಬರ್ತೀವಿ ಅಂತ ಬರೆದು ಒಪ್ಪಿಗೆ ತಗೊಳ್ಳಿ. ನಾವು ಒಂದು ಕಡೆಗೆ ಮಾತ್ರ ಪತ್ರ ಕೊಟ್ಟಿದ್ದೆವು, ಇನ್ನೊಂದು ಕಡೆ ಸುಮ್ನೆ ಹೋದೆವು. ಗಣಿಯೊಂದರ ಗೇಟಿನಲ್ಲಿ ಕಾವಲಿನವರು ತಡೆದು ವಾಪಸ್ ಕಳಿಸಿದರು, ಅರ್ಧ ದಿನ ಹಾಳಾಯಿತು. ತಪ್ಪು ನಮ್ಮದೇ.

ರಾತ್ರಿ ಸಂಡೂರಿನಲ್ಲಿ ಉಳಿದೆವು. ಹೊತ್ತಿದ್ದರೆ ಲಂಬಾಣಿ ಕಸೂತಿ ಮಾಡುವ ಕುಶಲ ಕಲಾ ಕೇಂದ್ರ ನೋಡಿ.

ಎರಡನೇ ದಿನ ನಾರಿಹಳ್ಳದ ಜಲಾಶಯ. ಬೆಟ್ಟಗಳ ನಡುವೆ ನೀಲಿ ನೀರು ಇರಬೇಕು ಅಂದುಕೊಂಡರೆ, ಹಿನ್ನೀರಿನ ತುದಿಯಲ್ಲಿ ಹಳ್ಳ ಬಂದು ಸೇರುವ ಕಡೆ ಇಟ್ಟಿಗೆ ಬಣ್ಣ. ಮಧ್ಯದಲ್ಲಿ ಸ್ವಲ್ಪ ತಿಳಿ. ಹಾಗಾಗಿ ಎರಡು ಬಾಟಲಿ ತುಂಬಿಸಿ, ಒಂದು ತುದಿಯಿಂದ, ಒಂದು ಕಟ್ಟೆಯ ಹತ್ತಿರದಿಂದ. ಇಲ್ಲಿ ಸಿಕ್ಕ ಮೀನುಗಾರರೊಬ್ಬರು ಹೇಳಿದ ಮಾತು ನಮ್ಮೂರಿನ ಅನುಭವದ ಹಾಗೇ ಇತ್ತು. ಮುಂಚೆ ಮಳೆ ಎರಡು ಮೂರು ದಿನ ಜಿಟಿಜಿಟಿ ಹಿಡೀತಿತ್ತಂತೆ, ಈಗ ಒಂದು ಸಂಜೆ ಬಂದು ಎಲ್ಲಾ ಸುರಿದು ಹೋಗುತ್ತದಂತೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿಯಬಲ್ಲದು. ಅದಕ್ಕೇ ಮಳೆಯ ದಿನಗಳ ನಡುವೆ ಅಂತರ ಜಾಸ್ತಿ ಆದರೂ, ಬಂದಾಗ ಜೋರಾಗಿ ಬರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ 10,000 ಲೀಟರ್. ನೂರು ಹೆಕ್ಟೇರ್ ಗುಡ್ಡದ ಮೇಲೆ 50 ಮಿ.ಮೀ. ಬಿದ್ದರೆ 5 ಕೋಟಿ ಲೀಟರ್. ಇದು ಮೂರು ದಿನದಲ್ಲಿ ಇಳಿದರೆ ಭೂಮಿ ಕುಡಿಯುತ್ತದೆ. ಒಂದೇ ಗಂಟೆಯಲ್ಲಿ ಬಂದರೆ ಹಳೇ ಮಳೆಯ ಅಂದಾಜಿನಲ್ಲಿ ಕಟ್ಟಿದ ಕೋಡಿ ಸಾಲುವುದಿಲ್ಲ.

ಕೆಳಗೊಂದೇ ದೊಡ್ಡ ಕಟ್ಟೆ ಕಟ್ಟಿದರೆ ಈ ನೀರು ನಿಲ್ಲುವುದಿಲ್ಲ. ನೆತ್ತಿಯಿಂದಲೇ ಶುರು ಮಾಡಬೇಕು. ಮೇಲೆ ಹುಲ್ಲು, ಗಿಡ, ಬಿಟ್ಟು ಬಿಟ್ಟು ತೋಡಿದ ಕಂದಕ. ಅದರ ಕೆಳಗೆ ಸಣ್ಣ ಕೊರಕಲಿಗೆ ಸಣ್ಣ ಕಲ್ಲಿನ ತಡೆ, ಒಂದಲ್ಲ, ಸಾಲಾಗಿ ಹತ್ತು. ಹಳ್ಳಕ್ಕೆ ಚೆಕ್ ಡ್ಯಾಂ ಆಮೇಲೆ. ಕೆರೆ ಎಲ್ಲಕ್ಕಿಂತ ಕೊನೆಗೆ. ನಾವು ಮಾಡಿದ್ದು ಪೂರಾ ಉಲ್ಟಾ.

ತಾರಾನಗರದಿಂದ ದರೋಜಿಗೆ ಮಧ್ಯಾಹ್ನ ತಲುಪಿದೆವು. ಬುರ್ರಕಥೆ ಹಾಡುತ್ತಿದ್ದ ಜನಪದ ಕಲಾವಿದೆ ಈರಮ್ಮನವರ ಊರು ಇದು. ಏರಿಯ ಮೇಲೆ ನಡೆದರೆ ಆ ಕಡೆ ದಂಡೆ ಕಾಣುವುದೇ ಇಲ್ಲ, ಅಷ್ಟು ದೊಡ್ಡ ಕೆರೆ. ಕೊನೆಯ ಬಾಟಲಿ ಇಲ್ಲಿಯದು. ಹತ್ತಿರದಲ್ಲೇ ಕರಡಿ ಧಾಮ ಇದೆ, ಸಂಜೆ ಹೊತ್ತಿಗೆ ಹೋದರೆ ಕರಡಿ ಕಾಣುವ ಅವಕಾಶ ಜಾಸ್ತಿ. ವಾಪಸ್ ಬರೋಕೆ ದರೋಜಿಯಲ್ಲಿ ರೈಲು ನಿಲ್ದಾಣವೂ ಇದೆ, ಆದರೆ ಯಾವ ಗಾಡಿ ನಿಲ್ಲುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಮೂರನೇ ದಿನ ಇದ್ದರೆ ಹೊಸಪೇಟೆ ದಾಟಿ ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಅಣೆಕಟ್ಟು ನೋಡಿ. ಅದರ ನೀರು ಪಶ್ಚಿಮ ಘಟ್ಟದ್ದು, ಆದರೆ ಕಥೆ ಇದೇ. 1953ರಲ್ಲಿ ಸುಮಾರು 133 ಟಿಎಂಸಿ ಹಿಡೀತಿದ್ದ ಜಲಾಶಯದ ಲೆಕ್ಕ ಈಗ 105.788 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕೂತಿದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಗದ್ದೆಗಳೆಲ್ಲ ಈ ನೀರನ್ನೇ ನಂಬಿವೆ, ಹೊಟ್ಟೆ ಉರಿಯುತ್ತೆ ಅಲ್ವಾ? ಅಲ್ಲಿಂದ ಕೊಪ್ಪಳಕ್ಕೆ ಹೋದರೆ ಹಿರೇಹಳ್ಳ ನೋಡಿ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು, ಜನರನ್ನು ಸೇರಿಸಿ ಇಪ್ಪತ್ತಕ್ಕೂ ಜಾಸ್ತಿ ಕಿ.ಮೀ. ಹಳ್ಳ ಸ್ವಚ್ಛ ಮಾಡಿಸಿದರು.

ಬಾಟಲಿಗಳನ್ನು ಮನೆಗೆ ತಂದು ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹರಿಶಂಕರದ ಬಾಟಲಿಯ ತಳದಲ್ಲಿ ಏನೂ ಇರಲಿಲ್ಲ. ಕಲ್ಲಿನ ತಡೆಯ ಹತ್ತಿರದ್ದರಲ್ಲಿ ಎರಡು ಬೆರಳು ಕೆಂಪು ಮಣ್ಣು. ಹಿನ್ನೀರಿನ ತುದಿಯದು ಒಂದು ಬೆರಳು, ಕಟ್ಟೆಯ ಹತ್ತಿರದ್ದು ಒಂದು ಗೆರೆಯಷ್ಟು. ದರೋಜಿಯದರಲ್ಲಿ ತಳ ತಿಳಿಯಾಗಿದ್ದರೂ ನೀರು ಮೂರು ದಿನ ಮಬ್ಬಾಗೇ ಇತ್ತು. ಊರ ಸಭೆಗೆ ಇವನ್ನೇ ಒಯ್ದೆ, ಮಾತಾಡಬೇಕಾಗಿ ಬರಲಿಲ್ಲ.

ಹೂಳಿಗೆ ಅಂತ ಕೂಡಿಸಿದ ದುಡ್ಡು ಈ ಸಲ ಗುಡ್ಡಕ್ಕೆ ಹೋಗಿದೆ. ಕಂದಕ ತೋಡೋ ಸಮಮಟ್ಟದ ಗೆರೆ ಗುರುತಿಸೋಕೆ ಮೂರು ಬಿದಿರು ಗಳ ಕಟ್ಟಿ ಇಂಗ್ಲಿಷಿನ A ಅಕ್ಷರದಂಥ ಚೌಕಟ್ಟು ಮಾಡಿದೆವು. ಎರಡು ಕಾಲು, ನಡುವೆ ಒಂದು ಅಡ್ಡ ಗಳ, ಮೇಲಿನ ತುದಿಯಿಂದ ದಾರಕ್ಕೆ ಕಟ್ಟಿ ಇಳಿಬಿಟ್ಟ ಕಲ್ಲು. ದಾರ ಅಡ್ಡಗಳದ ನಡುಗುರುತಿಗೆ ಬಂದರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಅಲ್ಲಿ ಸುಣ್ಣ ಹಾಕಿ, ಚೌಕಟ್ಟನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿಸಿ, ಹೀಗೇ ಗುಡ್ಡದ ಸುತ್ತ. ಹೈಸ್ಕೂಲು ಮಕ್ಕಳು ಒಂದೇ ಭಾನುವಾರ ಕಲಿತುಬಿಟ್ಟರು. ಇಲ್ಲಿತನಕ 46 ಕಂದಕ, 9 ಕಲ್ಲಿನ ತಡೆ ಆಗಿವೆ. ಪ್ರತಿ ತಡೆಗೂ ಒಂದೊಂದು ಮನೆಯವರ ಹೆಸರು ಬರೆದಿಟ್ಟಿದ್ದೇವೆ, ಏಪ್ರಿಲ್‌ನಲ್ಲಿ ಅದರ ಹೂಳು ತೆಗೆಯುವುದು ಆ ಮನೆಯ ಪಾಳಿ.